ಬಿನ್ನಹದಿಂದ ಹಕ್ಕಿಗೆ

ಬಿನ್ನಹ ಮಾಡುವವನು ಕೈಮುಗಿದು ನಿಲ್ಲುತ್ತಾನೆ. ಹಕ್ಕನ್ನು ಕೇಳುವವನು ತಲೆಯೆತ್ತಿ ನಿಲ್ಲುತ್ತಾನೆ. ಇಬ್ಬರೂ ಕೇಳುವ ವಸ್ತು ಒಂದೇ ಆಗಿರಬಹುದು: ತೆರಿಗೆಯ ಇಳಿಕೆ, ನ್ಯಾಯವಾದ ವಿಚಾರಣೆ, ಹೊಟ್ಟೆಗೆ ಹಿಟ್ಟು. ಆದರೆ ಮೊದಲನೆಯವನಿಗೆ ದೊರೆಯುವುದು ಒಡೆಯನ ಕೃಪೆ. ಇಂದು ಕೊಟ್ಟ ಒಡೆಯ ಅದನ್ನು ನಾಳೆ ಹಿಂದಕ್ಕೆ ಪಡೆಯಬಹುದು. ಎರಡನೆಯವನಿಗೆ ದೊರೆಯುವುದು ಅವನದೇ ಸ್ವತ್ತು. ಅದನ್ನು ಕಸಿದುಕೊಂಡವನು ತಪ್ಪಿತಸ್ಥನಾಗುತ್ತಾನೆ. ಸಾವಿರಾರು ವರ್ಷಗಳ ಕಾಲ ಪ್ರಜೆಗಳು ಅರಸರ ಮುಂದೆ ಬಿನ್ನಹಗಳನ್ನೇ ಸಲ್ಲಿಸುತ್ತ ಬಂದರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಬಿನ್ನಹದ ಭಾಷೆಯು ಹಕ್ಕಿನ ಭಾಷೆಯಾಗಿ ಮಾರ್ಪಟ್ಟಿತು. ಈ ಮಾರ್ಪಾಟು ರಾಜ್ಯಗಳನ್ನು ಬುಡಮೇಲು ಮಾಡಿತು. ಅದಕ್ಕೆ ನೆಲವನ್ನು ಹದಗೊಳಿಸಿದವರು ಕತ್ತಿ ಹಿಡಿದವರಲ್ಲ, ಲೇಖನಿ ಹಿಡಿದವರು. ಅವರು ಬಾಳಿದ ಕಾಲವನ್ನು ಚರಿತ್ರಕಾರರು ‘ಜ್ಞಾನೋದಯದ ಯುಗ’ ಎಂದು ಕರೆಯುತ್ತಾರೆ.

ಆ ಯುಗದ ಹೊಸ್ತಿಲಿನಲ್ಲಿ ಯೂರೋಪು ಹೇಗಿತ್ತು ಎಂಬುದಕ್ಕೆ ಫ್ರಾನ್ಸು ಒಳ್ಳೆಯ ನಿದರ್ಶನ. ಹದಿನಾಲ್ಕನೆಯ ಲೂಯಿಯು ೧೬೪೩ರಿಂದ ೧೭೧೫ರ ವರೆಗೆ ಅಲ್ಲಿನ ಸಿಂಹಾಸನದ ಮೇಲಿದ್ದನು. ದೊರೆಯ ಅಧಿಕಾರ ದೇವದತ್ತವಾದುದು, ಅವನು ಉತ್ತರ ಹೇಳಬೇಕಾದದ್ದು ದೇವರಿಗೆ ಮಾತ್ರ ಎಂಬುದು ಆಗಿನ ನಂಬಿಕೆ. ಪ್ರಜೆಗಳು ಮೂರು ವರ್ಗಗಳಾಗಿ ಹಂಚಿಹೋಗಿದ್ದರು. ಪಾದ್ರಿಗಳದು ಮೊದಲನೆಯ ವರ್ಗ, ಕುಲೀನರದು ಎರಡನೆಯದು. ಇವರಿಬ್ಬರನ್ನು ಬಿಟ್ಟು ಉಳಿದವರೆಲ್ಲರೂ, ಎಂದರೆ ವಕೀಲ, ವರ್ತಕ, ಕುಶಲಕರ್ಮಿ, ಒಕ್ಕಲಿಗ, ಕೂಲಿಕಾರ ಎಲ್ಲರೂ, ಮೂರನೆಯ ವರ್ಗಕ್ಕೆ ಸೇರಿದವರು. ಮೊದಲಿನ ಎರಡು ವರ್ಗಗಳಿಗೆ ಮುಖ್ಯವಾದ ನೇರ ತೆರಿಗೆಯಿಂದ ವಿನಾಯಿತಿ ಇತ್ತು. ಅದರ ಹೊರೆಯೆಲ್ಲ ಮೂರನೆಯ ವರ್ಗದ ಹೆಗಲಿಗೆ ಬಿದ್ದಿತ್ತು. ಅರಸನ ಮುದ್ರೆಯೊತ್ತಿದ ಒಂದು ಕಾಗದ ಸಾಕು, ಯಾರನ್ನಾದರೂ ವಿಚಾರಣೆಯಿಲ್ಲದೆ ಬ್ಯಾಸ್ಟಿಲ್ ಕೋಟೆಯ ಸೆರೆಯಲ್ಲಿ ಇಡಬಹುದಾಗಿತ್ತು. ಎಷ್ಟು ದಿನ ಎಂಬುದನ್ನು ಹೇಳುವ ಅಗತ್ಯವೂ ಅರಸನಿಗಿರಲಿಲ್ಲ.

ಇಂತಹ ವ್ಯವಸ್ಥೆಯನ್ನು ಪ್ರಶ್ನಿಸುವ ಧೈರ್ಯವು ಮೊದಲು ಹುಟ್ಟಿದ್ದು ರಾಜಕೀಯದಲ್ಲಿ ಅಲ್ಲ, ವಿಜ್ಞಾನದಲ್ಲಿ. ೧೬೮೭ರಲ್ಲಿ ನ್ಯೂಟನ್ನನ ಮಹಾಗ್ರಂಥವು ಪ್ರಕಟವಾಯಿತು. ಮರದಿಂದ ಬೀಳುವ ಹಣ್ಣಿಗೂ ಆಕಾಶದಲ್ಲಿ ಸುತ್ತುವ ಗ್ರಹಕ್ಕೂ ಅನ್ವಯಿಸುವ ನಿಯಮ ಒಂದೇ ಎಂಬುದನ್ನು ಅದು ಗಣಿತದಿಂದ ತೋರಿಸಿಕೊಟ್ಟಿತು. ಪ್ರಕೃತಿಯಲ್ಲಿ ಮೇಲು ಕೀಳೆಂಬ ಭೇದವಿಲ್ಲದೆ ಒಂದೇ ನಿಯಮ ನಡೆಯುವುದಾದರೆ ಮನುಷ್ಯರ ಸಮಾಜದಲ್ಲಿ ಒಬ್ಬನಿಗೊಂದು ಇನ್ನೊಬ್ಬನಿಗೊಂದು ಕಾನೂನು ಏಕೆ ಇರಬೇಕು? ಬುದ್ಧಿಯನ್ನು ಬಳಸಿ ಗ್ರಹಗಳ ಗತಿಯನ್ನು ಅರಿಯಬಲ್ಲ ಮನುಷ್ಯನು ಅದೇ ಬುದ್ಧಿಯಿಂದ ರಾಜ್ಯಾಡಳಿತದ ಒಳಿತು ಕೆಡುಕುಗಳನ್ನು ಏಕೆ ಅರಿಯಬಾರದು? ಈ ಪ್ರಶ್ನೆಗಳಿಂದಲೇ ಹೊಸ ಯುಗವು ಕಣ್ತೆರೆಯಿತು.

ಇಂಗ್ಲೆಂಡಿನ ಜಾನ್ ಲಾಕ್ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟನು. ೧೬೮೮ರಲ್ಲಿ ಇಂಗ್ಲಿಷರು ತಮ್ಮ ದೊರೆಯನ್ನು ಹೊರದೂಡಿ ಮರುವರ್ಷ ಹಕ್ಕುಗಳ ಶಾಸನವನ್ನು ಮಾಡಿಕೊಂಡಿದ್ದರು. ಅದೇ ಸಮಯದಲ್ಲಿ ಪ್ರಕಟವಾದ ಲಾಕನ ಪ್ರಬಂಧಗಳ ಸಾರಾಂಶ ಇಷ್ಟು: ಮನುಷ್ಯನಿಗೆ ಪ್ರಾಣ, ಸ್ವಾತಂತ್ರ್ಯ, ಸ್ವತ್ತು ಇವುಗಳ ಮೇಲೆ ಹುಟ್ಟಿನಿಂದಲೇ ಹಕ್ಕಿದೆ. ಈ ಹಕ್ಕುಗಳನ್ನು ಕಾಪಾಡುವುದಕ್ಕಾಗಿಯೇ ಜನರು ಒಮ್ಮತದಿಂದ ಸರ್ಕಾರವನ್ನು ಕಟ್ಟಿಕೊಂಡರು. ಕಾಯಬೇಕಾದ ಸರ್ಕಾರವೇ ಕೊಳ್ಳೆಹೊಡೆಯತೊಡಗಿದರೆ, ಬೇಲಿಯೇ ಎದ್ದು ಹೊಲ ಮೇಯ್ದರೆ, ಆ ಸರ್ಕಾರವನ್ನು ಬದಲಾಯಿಸುವ ಅಧಿಕಾರ ಜನರಿಗೆ ಉಂಟು. ದೊರೆತನವು ಸ್ವರ್ಗದಿಂದ ಇಳಿದುಬಂದುದಲ್ಲ, ಜನರ ಸಮ್ಮತಿಯಿಂದ ಮೇಲೆದ್ದುದು ಎಂಬ ಈ ಒಂದು ಮಾತು ಮುಂದಿನ ನೂರು ವರ್ಷಗಳ ಚರಿತ್ರೆಗೆ ಬೀಜವಾಯಿತು.

ಆ ಬೀಜವನ್ನು ಫ್ರಾನ್ಸಿಗೆ ಕೊಂಡೊಯ್ದವರಲ್ಲಿ ವಾಲ್ಟೇರ್ ಪ್ರಮುಖನು. ಅವನು ಎರಡು ಬಾರಿ ಬ್ಯಾಸ್ಟಿಲ್‌ನ ಸೆರೆಯನ್ನು ಕಂಡವನು. ಎರಡನೆಯ ಬಾರಿ, ೧೭೨೬ರಲ್ಲಿ, ದೇಶವನ್ನು ಬಿಟ್ಟು ಹೋಗುವ ಷರತ್ತಿನ ಮೇಲೆ ಬಿಡುಗಡೆ ಹೊಂದಿ ಇಂಗ್ಲೆಂಡಿಗೆ ಹೋದನು. ಅಲ್ಲಿನ ಮತಸಹಿಷ್ಣುತೆಯನ್ನು, ಪಾರ್ಲಿಮೆಂಟಿನ ಅಧಿಕಾರವನ್ನು, ವಿಜ್ಞಾನಿಗಳಿಗೆ ಸಲ್ಲುತ್ತಿದ್ದ ಗೌರವವನ್ನು ಕಂಡು ಬರೆದ ಅವನ ಪತ್ರಗಳು ೧೭೩೪ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದಾಗ ಪ್ಯಾರಿಸಿನ ನ್ಯಾಯಸ್ಥಾನವು ಆ ಪುಸ್ತಕವನ್ನು ಸುಡುವಂತೆ ಆಜ್ಞೆ ಮಾಡಿತು. ಬೋರ್ಡೋ ನಗರದ ನ್ಯಾಯಾಧೀಶನಾಗಿದ್ದ ಮಾಂಟೆಸ್ಕ್ಯೂ ೧೭೪೮ರಲ್ಲಿ ಕಾನೂನುಗಳ ಅಂತಸ್ಸತ್ತ್ವವನ್ನು ಕುರಿತ ತನ್ನ ಬೃಹದ್ಗ್ರಂಥವನ್ನು ಹೊರತಂದನು. ಶಾಸನ ಮಾಡುವ, ಅದನ್ನು ಜಾರಿಗೆ ತರುವ, ತಪ್ಪಿದವರನ್ನು ವಿಚಾರಿಸುವ ಮೂರು ಅಧಿಕಾರಗಳೂ ಒಂದೇ ಕೈಯಲ್ಲಿ ಸೇರಿದರೆ ಅಲ್ಲಿ ಸ್ವಾತಂತ್ರ್ಯ ಉಳಿಯದು ಎಂಬುದು ಅವನ ಸಿದ್ಧಾಂತ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಇಂದಿನ ಸಂವಿಧಾನಗಳಲ್ಲಿ ಕಾಣುವ ವಿಭಾಗಕ್ಕೆ ಈ ಗ್ರಂಥವೇ ದೊಡ್ಡ ಪ್ರೇರಣೆ.

ಆದರೆ ಒಬ್ಬೊಬ್ಬರು ಬರೆದ ಪುಸ್ತಕಗಳಿಗಿಂತಲೂ ಆ ಕಾಲದ ಮನೋಧರ್ಮವನ್ನು ಪೂರ್ಣವಾಗಿ ತೋರಿಸುವುದು ನೂರಾರು ಜನ ಸೇರಿ ಬರೆದ ಒಂದು ವಿಶ್ವಕೋಶ. ಅದರ ಸಂಪಾದಕ ದಿದೆರೋ ಚಾಕು ಕತ್ತರಿಗಳನ್ನು ತಯಾರಿಸುವವನೊಬ್ಬನ ಮಗ. ಗಣಿತಜ್ಞ ದಾಲಂಬೇರ್ ಮೊದಲ ಕೆಲವು ವರ್ಷ ಅವನಿಗೆ ಜೊತೆಗಾರನಾಗಿದ್ದನು. ೧೭೫೧ರಲ್ಲಿ ಮೊದಲ ಸಂಪುಟ ಹೊರಬಂದಿತು. ೧೭೭೨ರ ಹೊತ್ತಿಗೆ ೧೭ ಲೇಖನ ಸಂಪುಟಗಳೂ ೧೧ ಚಿತ್ರ ಸಂಪುಟಗಳೂ ಸಿದ್ಧವಾದವು. ದೇವತಾಶಾಸ್ತ್ರ, ತತ್ತ್ವಶಾಸ್ತ್ರಗಳ ಪಕ್ಕದಲ್ಲಿಯೇ ಗಾಜು ಊದುವವನ, ಮಗ್ಗ ನಡೆಸುವವನ, ಕಮ್ಮಾರನ, ಅಚ್ಚುಮೊಳೆ ಜೋಡಿಸುವವನ ಕಸುಬುಗಳನ್ನೂ ಅದು ಚಿತ್ರಸಹಿತವಾಗಿ ವರ್ಣಿಸಿತು. ಕೈಕೆಲಸ ಕೀಳು, ಕುಲೀನನ ಬಿಡುವು ಮೇಲು ಎಂದು ನಂಬಿದ್ದ ಸಮಾಜಕ್ಕೆ ಅದೊಂದು ಮೌನವಾದ ಉತ್ತರವಾಗಿತ್ತು. ಗುಲಾಮರ ವ್ಯಾಪಾರವನ್ನು ಕುರಿತು ಅದರಲ್ಲಿ ಲೇಖನ ಬರೆದ ಜೋಕೂರ್ ಎಂಬ ವಿದ್ವಾಂಸನು, ಮನುಷ್ಯನ ಸ್ವಾತಂತ್ರ್ಯವು ಕೊಳ್ಳುವ ಅಥವಾ ಮಾರುವ ಸರಕಲ್ಲ ಎಂದು ವಾದಿಸಿದನು.

ವಿಶ್ವಕೋಶದ ಹಾದಿ ಸುಗಮವಾಗಿರಲಿಲ್ಲ. ೧೭೫೨ರಲ್ಲಿ ಅದರ ಮೊದಲ ಎರಡು ಸಂಪುಟಗಳನ್ನು ಸರ್ಕಾರ ನಿಷೇಧಿಸಿತು; ೧೭೫೯ರಲ್ಲಿ ಪ್ರಕಟಣೆಯ ಅನುಮತಿಯನ್ನೇ ರದ್ದುಪಡಿಸಿತು. ಆಗ ಪುಸ್ತಕಗಳ ಮೇಲ್ವಿಚಾರಣೆಗೆ ಅರಸನು ನೇಮಿಸಿದ್ದ ಅಧಿಕಾರಿ ಮಾಲ್‌ಜೆರ್ಬ್ ಎಂಬುವನು. ದಿದೆರೋವಿನ ಹಸ್ತಪ್ರತಿಗಳನ್ನು ಜಪ್ತಿ ಮಾಡಬೇಕೆಂದು ಆಜ್ಞೆಯಾದಾಗ ಆತನು ಮುಂಚಿತವಾಗಿಯೇ ಸುದ್ದಿ ಮುಟ್ಟಿಸಿದನಂತೆ. ಅಷ್ಟೊಂದು ಕಾಗದವನ್ನು ಎಲ್ಲಿ ಬಚ್ಚಿಡಲಿ ಎಂದು ದಿದೆರೋ ಕಂಗಾಲಾದಾಗ, ತನ್ನ ಮನೆಗೇ ಕಳುಹಿಸಿಬಿಡುವಂತೆ ಅಧಿಕಾರಿ ಹೇಳಿದನೆಂದು ದಿದೆರೋವಿನ ಮಗಳು ಬರೆದಿಟ್ಟಿದ್ದಾಳೆ. ಮುಟ್ಟುಗೋಲು ಹಾಕಿಸಬೇಕಾದವನ ಮನೆಯನ್ನು ಶೋಧಿಸುವವರು ಯಾರು? ಹೀಗೆ ಹಳೆಯ ವ್ಯವಸ್ಥೆಯ ಕಾವಲುಗಾರರಲ್ಲಿಯೇ ಕೆಲವರ ಮನಸ್ಸು ಹೊಸ ವಿಚಾರದ ಕಡೆಗೆ ವಾಲಿತ್ತು.

ವಿಚಾರವು ಪುಸ್ತಕದಿಂದ ಹೊರಬಂದು ಬೀದಿಯ ಅನ್ಯಾಯವನ್ನು ಎದುರಿಸಿದ ಘಟನೆಯೊಂದು ೧೭೬೨ರಲ್ಲಿ ನಡೆಯಿತು. ತುಲೂಸ್ ನಗರದಲ್ಲಿ ಜಾಂ ಕಲಾಸ್ ಎಂಬ ಬಟ್ಟೆಯ ವ್ಯಾಪಾರಿಯಿದ್ದನು. ಕ್ಯಾಥೊಲಿಕ್ ಮತದವರೇ ತುಂಬಿದ್ದ ಆ ಊರಿನಲ್ಲಿ ಅವನು ಪ್ರಾಟೆಸ್ಟಂಟ್ ಮತದವನು. ೧೭೬೧ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಅವನ ಹಿರಿಯ ಮಗನು ಅಂಗಡಿಯಲ್ಲಿ ಸತ್ತು ಬಿದ್ದಿದ್ದನು. ಮಗ ಮತಾಂತರ ಹೊಂದಲಿದ್ದನು, ಅದನ್ನು ಸಹಿಸದೆ ತಂದೆಯೇ ಕೊಂದನು ಎಂಬ ಗಾಳಿಮಾತು ಊರೆಲ್ಲ ಹಬ್ಬಿತು. ನ್ಯಾಯಸ್ಥಾನವು ಗಾಳಿಮಾತನ್ನೇ ಸಾಕ್ಷಿಯೆಂದು ನಂಬಿತು. ಅರವತ್ತು ದಾಟಿದ ಆ ಮುದುಕನಿಗೆ ಚಿತ್ರಹಿಂಸೆ ಕೊಟ್ಟು, ೧೭೬೨ರ ಮಾರ್ಚ್ ೧೦ರಂದು ಚಕ್ರಕ್ಕೆ ಕಟ್ಟಿ ಮೂಳೆಗಳನ್ನು ಮುರಿದು ಕೊಂದರು. ಕೊನೆಯ ಉಸಿರಿನ ವರೆಗೆ ಅವನು ತಾನು ನಿರಪರಾಧಿಯೆಂದೇ ಹೇಳುತ್ತಿದ್ದನು.

ಜಿನೀವದ ಬಳಿ ನೆಲೆಸಿದ್ದ ವಾಲ್ಟೇರನ ಕಿವಿಗೆ ಈ ಸುದ್ದಿ ಬಿತ್ತು. ಆಗ ಅವನಿಗೂ ಅರವತ್ತೇಳು ವರ್ಷ. ಅವನು ದಾಖಲೆಗಳನ್ನು ತರಿಸಿದನು, ಸಾಕ್ಷಿಗಳನ್ನು ವಿಚಾರಿಸಿದನು, ವಕೀಲರನ್ನು ಗೊತ್ತುಮಾಡಿದನು, ಮಂತ್ರಿಗಳಿಗೂ ರಾಜಮನೆತನದವರಿಗೂ ಒಂದರ ಮೇಲೊಂದು ಕಾಗದ ಬರೆದನು. ೧೭೬೩ರಲ್ಲಿ ಮತಸಹಿಷ್ಣುತೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ಮೂರು ವರ್ಷಗಳ ಹೋರಾಟದ ಅನಂತರ, ೧೭೬೫ರ ಮಾರ್ಚ್ ೯ರಂದು, ಕಲಾಸ್ ನಿರಪರಾಧಿಯೆಂದು ತೀರ್ಪು ಹೊರಬಿತ್ತು. ಸತ್ತವನು ಎದ್ದು ಬರಲಿಲ್ಲ. ಆದರೆ ಒಂದು ಸತ್ಯ ಎಲ್ಲರಿಗೂ ಮನದಟ್ಟಾಯಿತು. ಅಧಿಕಾರಸ್ಥಾನದಿಂದ ಬಂದ ತೀರ್ಪೂ ತಪ್ಪಾಗಿರಬಹುದು; ಜನಾಭಿಪ್ರಾಯವು ಎಚ್ಚೆತ್ತರೆ ಆ ತಪ್ಪನ್ನು ತಿದ್ದಿಸಬಹುದು. ಮರುಕಳಿಸಿ ಇಂತಹ ಅನ್ಯಾಯ ನಡೆಯದಿರಬೇಕಾದರೆ ಒಬ್ಬ ವಾಲ್ಟೇರನ ಕರುಣೆ ಸಾಲದು, ಕಾನೂನೇ ಬದಲಾಗಬೇಕು ಎಂಬ ಅರಿವೂ ಮೂಡಿತು. ೧೭೬೪ರಲ್ಲಿ ಇಟಲಿಯ ಬೆಕಾರಿಯಾ ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ವಿರೋಧಿಸಿ ಬರೆದ ಕಿರುಹೊತ್ತಿಗೆ ಈ ಅರಿವಿಗೆ ಶಾಸ್ತ್ರದ ರೂಪವನ್ನು ಕೊಟ್ಟಿತು.

ಈ ಗುಂಪಿನಲ್ಲಿದ್ದೂ ಇದರಿಂದ ಸಿಡಿದು ನಿಂತವನು ರೂಸೋ. ಜಿನೀವದ ಗಡಿಯಾರ ತಯಾರಕನ ಮಗನಾದ ಅವನು ಬಡತನವನ್ನೂ ಅಲೆದಾಟವನ್ನೂ ಉಂಡವನು. ಒಳ್ಳೆಯ ಅರಸನಿಂದ ಸುಧಾರಣೆ ಆಗಬಹುದೆಂದು ವಾಲ್ಟೇರ್ ಮುಂತಾದವರು ನಂಬಿದ್ದರೆ, ರೂಸೋ ಸಾರ್ವಭೌಮತ್ವವು ಅರಸನದೇ ಅಲ್ಲ, ಇಡೀ ಜನಸಮುದಾಯದ್ದು ಎಂದನು. ೧೭೬೨ರಲ್ಲಿ ಪ್ರಕಟವಾದ ‘ಸಾಮಾಜಿಕ ಒಪ್ಪಂದ’ ಎಂಬ ಅವನ ಗ್ರಂಥದ ತಿರುಳು ಇದು. ಎಲ್ಲರೂ ಸೇರಿ ಮಾಡಿದ ಕಾನೂನಿಗೆ ಎಲ್ಲರೂ ವಿಧೇಯರಾದಾಗ ಯಾರೂ ಯಾರ ಆಳೂ ಆಗುವುದಿಲ್ಲ ಎಂಬುದು ಅವನ ವಾದ. ಅವನ ಪುಸ್ತಕಗಳು ಪ್ಯಾರಿಸಿನಲ್ಲಿಯೂ ಹುಟ್ಟೂರಾದ ಜಿನೀವದಲ್ಲಿಯೂ ಬೆಂಕಿಗೆ ಆಹುತಿಯಾದವು. ಅವನು ತಲೆ ಮರೆಸಿಕೊಂಡು ಊರಿಂದೂರಿಗೆ ಓಡಬೇಕಾಯಿತು.

ಸುಟ್ಟಷ್ಟೂ ಈ ಪುಸ್ತಕಗಳು ಹರಡಿದವು. ಹಾಲೆಂಡಿನಲ್ಲಿಯೂ ಸ್ವಿಟ್ಸರ್ಲೆಂಡಿನಲ್ಲಿಯೂ ಅಚ್ಚಾದ ನಿಷಿದ್ಧ ಗ್ರಂಥಗಳು ಗಡಿಯನ್ನು ಕಳ್ಳತನದಿಂದ ದಾಟಿ ಫ್ರಾನ್ಸನ್ನು ಸೇರುತ್ತಿದ್ದವು. ಕಾಫಿಯ ಅಂಗಡಿಗಳಲ್ಲಿ, ವಾಚನಾಲಯಗಳಲ್ಲಿ, ವಿದ್ಯಾವಂತ ಮಹಿಳೆಯರು ತಮ್ಮ ಮನೆಗಳಲ್ಲಿ ನಡೆಸುತ್ತಿದ್ದ ಗೋಷ್ಠಿಗಳಲ್ಲಿ ಅವುಗಳ ಚರ್ಚೆ ನಡೆಯುತ್ತಿತ್ತು. ಓದಬಲ್ಲ ಒಬ್ಬನು ಗಟ್ಟಿಯಾಗಿ ಓದಿದರೆ ಓದಲಾರದ ಹತ್ತು ಮಂದಿ ಕೇಳುತ್ತಿದ್ದರು. ಜರ್ಮನಿಯ ತತ್ತ್ವಜ್ಞಾನಿ ಕಾಂಟನು ೧೭೮೪ರ ತನ್ನ ಲೇಖನವೊಂದರಲ್ಲಿ ಜ್ಞಾನೋದಯವೆಂದರೇನು ಎಂಬ ಪ್ರಶ್ನೆಯನ್ನೆತ್ತಿಕೊಂಡು, ಇನ್ನೊಬ್ಬರ ಊರುಗೋಲಿಲ್ಲದೆ ತನ್ನ ಬುದ್ಧಿಯನ್ನು ತಾನೇ ಬಳಸುವ ಧೈರ್ಯವೇ ಅದು ಎಂಬ ಅರ್ಥದ ಉತ್ತರವನ್ನು ಕೊಟ್ಟನು.

ಈ ಧೈರ್ಯವು ಮೊದಲು ರಾಜ್ಯಕ್ರಾಂತಿಯ ರೂಪವನ್ನು ತಾಳಿದ್ದು ಅಮೆರಿಕದಲ್ಲಿ. ಅಲ್ಲಿನ ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯ ಅಧೀನದಲ್ಲಿದ್ದವು. ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆ ಹೇರಬಾರದೆಂದು ವಸಾಹತುಗಳ ಜನ ೧೭೬೫ರಿಂದಲೇ ಪ್ರತಿಭಟಿಸುತ್ತಿದ್ದರು. ೧೭೭೩ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ ಅವರು ಸಮುದ್ರಕ್ಕೆ ಸುರಿದ ಚಹ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು. ೧೭೬೫ರಲ್ಲಿ ಬಂಗಾಳದ ಕಂದಾಯ ವಸೂಲಿಯ ಅಧಿಕಾರವನ್ನು ಪಡೆದಿದ್ದ ಕಂಪನಿಯೇ ಅದು. ೧೭೭೫ರಲ್ಲಿ ಯುದ್ಧ ಆರಂಭವಾದ ಮೇಲೂ ವಸಾಹತುಗಳ ಪ್ರತಿನಿಧಿಗಳು ದೊರೆಗೆ ವಿನಯಪೂರ್ವಕವಾದ ಒಂದು ಬಿನ್ನಹಪತ್ರವನ್ನು ಕಳುಹಿಸಿದರು. ಮೂರನೆಯ ಜಾರ್ಜ್ ದೊರೆ ಅದನ್ನು ಸ್ವೀಕರಿಸಲೂ ಇಲ್ಲ. ವಸಾಹತುಗಳು ದಂಗೆಯೆದ್ದಿವೆ ಎಂದು ಸಾರಿದನು.

ಬಿನ್ನಹದ ಬಾಗಿಲು ಮುಚ್ಚಿದಾಗ ಹಕ್ಕಿನ ಮಾತನ್ನು ಎತ್ತಿದವನು ಥಾಮಸ್ ಪೇಯ್ನ್. ಇಂಗ್ಲೆಂಡಿನಲ್ಲಿ ಸುಂಕದ ಕಟ್ಟೆಯ ನೌಕರಿಯನ್ನೂ ಕಳೆದುಕೊಂಡು ೧೭೭೪ರ ಕೊನೆಯಲ್ಲಿ ಫಿಲಡೆಲ್ಫಿಯಕ್ಕೆ ಬಂದಿಳಿದ ಸಾಮಾನ್ಯನು ಅವನು. ೧೭೭೬ರ ಜನವರಿಯಲ್ಲಿ ಅವನು ಪ್ರಕಟಿಸಿದ ಕಿರುಹೊತ್ತಿಗೆಯು, ಒಂದು ವಿಶಾಲ ಖಂಡವನ್ನು ದೂರದ ದ್ವೀಪವೊಂದು ಆಳುವುದರಲ್ಲಿ, ಹುಟ್ಟಿನ ಮಾತ್ರದಿಂದ ಒಬ್ಬನು ಅರಸನಾಗುವುದರಲ್ಲಿ ಯಾವ ಅರ್ಥವಿದೆ ಎಂದು ಕೇಳಿತು. ಪಂಡಿತರ ಭಾಷೆಯನ್ನು ಬಿಟ್ಟು ಗೇಣಿದಾರನಿಗೂ ಬಡಗಿಗೂ ತಿಳಿಯುವ ಭಾಷೆಯಲ್ಲಿ ಬರೆದಿದ್ದ ಆ ಪುಸ್ತಕಕ್ಕೆ ಕೆಲವೇ ತಿಂಗಳುಗಳಲ್ಲಿ ಹಲವಾರು ಮುದ್ರಣಗಳಾದವು. ಅದೇ ವರ್ಷ ಜುಲೈ ೪ರಂದು ಸ್ವಾತಂತ್ರ್ಯಘೋಷಣೆ ಹೊರಬಿದ್ದಿತು. ಅದರ ಕರಡನ್ನು ಬರೆದ ಜೆಫರ್ಸನ್ನನಿಗೆ ಆಗ ಮೂವತ್ತಮೂರು ವರ್ಷ. ಎಲ್ಲ ಮನುಷ್ಯರೂ ಸಮಾನರು, ಅವರ ಹಕ್ಕುಗಳು ಪರರ ವಶವಾಗತಕ್ಕವಲ್ಲ, ಸರ್ಕಾರಗಳ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಸಮ್ಮತಿಯೇ ಮೂಲ ಎಂಬ ಅದರ ವಿಚಾರಗಳಲ್ಲಿ ಲಾಕನ ದನಿ ಸ್ಪಷ್ಟವಾಗಿ ಕೇಳಿಬರುತ್ತದೆ. ೧೭೮೭ರಲ್ಲಿ ರಚಿತವಾದ ಸಂವಿಧಾನದಲ್ಲಿ ಮಾಂಟೆಸ್ಕ್ಯೂವಿನ ಅಧಿಕಾರ ವಿಭಜನೆಯ ತತ್ತ್ವವು ಕಾರ್ಯರೂಪಕ್ಕೆ ಬಂದಿತು.

ಅಮೆರಿಕದ ಯುದ್ಧಕ್ಕೆ ಹಣವನ್ನೂ ಸೈನ್ಯವನ್ನೂ ಕೊಟ್ಟು ನೆರವಾದ ಫ್ರಾನ್ಸು ಸಾಲದಲ್ಲಿ ಮುಳುಗಿತು. ಸರ್ಕಾರದ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ೧೭೮೮ರ ಆಗಸ್ಟ್ ತಿಂಗಳಲ್ಲಿ ಮೈಸೂರಿನ ಟಿಪ್ಪು ಸುಲ್ತಾನನು ಇಂಗ್ಲಿಷರ ವಿರುದ್ಧ ಸಹಾಯವನ್ನು ಕೋರಿ ಕಳುಹಿಸಿದ್ದ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿಯು ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಆದರೆ ಸೈನ್ಯದ ನೆರವನ್ನು ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅದೇ ತಿಂಗಳು ಅವನ ಬೊಕ್ಕಸವು ಸಾಲಗಾರರಿಗೆ ಹಣ ಪಾವತಿ ಮಾಡುವುದನ್ನು ನಿಲ್ಲಿಸಿತು. ಆ ಬೇಸಗೆಯಲ್ಲಿ ಆಲಿಕಲ್ಲಿನ ಮಳೆಯಿಂದ ಬೆಳೆ ಹಾಳಾಗಿತ್ತು. ರೊಟ್ಟಿಯ ಬೆಲೆ ಏರುತ್ತ ಹೋಗಿ, ಪ್ಯಾರಿಸಿನ ಕೂಲಿಕಾರನ ದಿನಗೂಲಿಯ ಬಹುಪಾಲು ರೊಟ್ಟಿಗೇ ಸಲ್ಲುವಂತಾಯಿತು. ಬೇರೆ ದಾರಿ ಕಾಣದೆ ಅರಸನು ೧೬೧೪ರ ಅನಂತರ ಒಮ್ಮೆಯೂ ಸೇರದಿದ್ದ ಮೂರು ವರ್ಗಗಳ ಮಹಾಸಭೆಯನ್ನು ೧೭೮೯ರ ಮೇ ತಿಂಗಳಿಗೆ ಕರೆದನು. ತಮ್ಮ ತಮ್ಮ ಅಹವಾಲುಗಳನ್ನು ಬರೆದು ಕಳುಹಿಸುವಂತೆ ಊರೂರಿಗೂ ಹೇಳಿಕಳುಹಿಸಿದನು.

ಸಾವಿರಾರು ಅಹವಾಲು ಪುಸ್ತಕಗಳು ಬಂದವು. ಹಳ್ಳಿಗರು ಅವುಗಳಲ್ಲಿ ತತ್ತ್ವಜ್ಞಾನವನ್ನು ಬರೆಯಲಿಲ್ಲ. ತಮ್ಮ ದಿನನಿತ್ಯದ ಸಂಕಟಗಳನ್ನು ಬರೆದರು. ಉಪ್ಪಿನ ತೆರಿಗೆ ಭಾರವಾಗಿದೆ. ಒಡೆಯನ ಗಿರಣಿಯಲ್ಲಿಯೇ ಕಾಳು ಬೀಸಬೇಕಾಗಿದೆ. ಒಡೆಯನ ಬೇಟೆಯ ಕುದುರೆಗಳು ಪೈರನ್ನು ತುಳಿಯುತ್ತವೆ. ಅವನು ಸಾಕಿದ ಪಾರಿವಾಳಗಳು ಬಿತ್ತಿದ ಬೀಜವನ್ನು ಹೆಕ್ಕಿ ತಿನ್ನುತ್ತವೆ, ಅವನ್ನು ಹೊಡೆಯುವ ಹಾಗಿಲ್ಲ. ಇವೆಲ್ಲವೂ ಕೈಮುಗಿದ ಬಿನ್ನಹಗಳು. ಆದರೆ ವರ್ಸೇಲ್ಸಿನಲ್ಲಿ ಸೇರಿದ ಮೂರನೆಯ ವರ್ಗದ ಪ್ರತಿನಿಧಿಗಳಲ್ಲಿ ಬಹುಮಂದಿ ವಕೀಲರು, ಅಧಿಕಾರಿಗಳು. ಮಾಂಟೆಸ್ಕ್ಯೂ, ರೂಸೋ ಮೊದಲಾದವರ ವಿಚಾರಗಳ ಗಾಳಿಯಲ್ಲಿ ಬೆಳೆದವರು. ಅವರು ತಾವೇ ರಾಷ್ಟ್ರದ ಪ್ರತಿನಿಧಿಗಳೆಂದು ಸಾರಿ, ಸಂವಿಧಾನವನ್ನು ರಚಿಸುವ ವರೆಗೆ ಚದುರುವುದಿಲ್ಲವೆಂದು ಜೂನ್ ೨೦ರಂದು ಪ್ರತಿಜ್ಞೆ ಮಾಡಿದರು. ಜುಲೈ ೧೪ರಂದು ಪ್ಯಾರಿಸಿನ ಜನ ಬ್ಯಾಸ್ಟಿಲ್ ಕೋಟೆಯನ್ನು ಹಿಡಿದರು. ಅಂದು ಅಲ್ಲಿ ಇದ್ದ ಸೆರೆಯಾಳುಗಳು ಏಳೇ ಮಂದಿ. ಆದರೂ ಉರುಳಿದ್ದು ವಿಚಾರಣೆಯಿಲ್ಲದ ಸೆರೆಯ ಸಂಕೇತ. ಆಗಸ್ಟ್ ೪ರ ರಾತ್ರಿ ಸಭೆಯು ಒಡೆಯರ ವಿಶೇಷ ಸವಲತ್ತುಗಳನ್ನು ತೊಡೆದುಹಾಕಿತು. ಅನಂತರ ಹೊರಟ ಶಾಸನದಲ್ಲಿ ಪಾರಿವಾಳಗಳ ವಿಷಯವೂ ಸೇರಿತ್ತು. ಆಗಸ್ಟ್ ೨೬ರಂದು ಮನುಷ್ಯನ ಮತ್ತು ನಾಗರಿಕನ ಹಕ್ಕುಗಳ ಘೋಷಣೆಯು ಹದಿನೇಳು ವಿಧಿಗಳಲ್ಲಿ ಸಿದ್ಧವಾಯಿತು. ಒಕ್ಕಲಿಗನ ಪಾರಿವಾಳದ ಅಹವಾಲೂ ತತ್ತ್ವಜ್ಞಾನಿಯ ಸಮಾನತೆಯ ವಾದವೂ ಒಂದೇ ತಿಂಗಳಿನಲ್ಲಿ ಒಂದೇ ಸಭೆಯಲ್ಲಿ ಕೂಡಿಕೊಂಡವು.

ಕ್ರಾಂತಿಗೆ ಕಾರಣ ಹಸಿವೋ ವಿಚಾರವೋ ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರ ದೊರೆಯುತ್ತದೆ. ಹಸಿವು ಹಿಂದೆಯೂ ಇತ್ತು; ಹಸಿದವರು ಹಿಂದೆಯೂ ದಂಗೆಯೆದ್ದಿದ್ದರು. ಉಗ್ರಾಣಗಳನ್ನು ಒಡೆದು ಕಾಳನ್ನು ಹಂಚಿಕೊಂಡ ಮೇಲೆ ಅಂತಹ ದಂಗೆಗಳು ಅಡಗಿಹೋಗುತ್ತಿದ್ದವು. ವಿಚಾರವೂ ಹಿಂದೆ ಇತ್ತು. ಗ್ರಂಥಗಳಲ್ಲಿ ಮಾತ್ರ ಇದ್ದಾಗ ಅದರಿಂದ ಯಾವ ಸಿಂಹಾಸನವೂ ಅಲುಗಲಿಲ್ಲ. ಹಸಿವು ಜನರನ್ನು ಬೀದಿಗೆ ತಂದಿತು. ಬೀದಿಗೆ ಬಂದವರು ಏನನ್ನು ಕೇಳಬೇಕೆಂಬುದನ್ನು ವಿಚಾರವು ತಿಳಿಸಿಕೊಟ್ಟಿತು. ಎರಡೂ ಕೂಡಿದಾಗ ದಂಗೆಯು ಕ್ರಾಂತಿಯಾಯಿತು.

ಆದರೆ ಘೋಷಣೆಯಲ್ಲಿ ಬರೆದ ‘ಮನುಷ್ಯ’ ಯಾರು? ಈ ಪ್ರಶ್ನೆಯನ್ನು ಎದುರಿಸುವಾಗ ಹೊಸ ಯುಗದ ಧೀರರೇ ತಡವರಿಸಿದರು. ಎಲ್ಲರೂ ಸಮಾನರೆಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ೬೦೦ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು. ಗುಲಾಮರ ವ್ಯಾಪಾರವನ್ನು ಖಂಡಿಸಿ ಅವನು ಕರಡಿನಲ್ಲಿ ಬರೆದಿದ್ದ ಭಾಗವನ್ನು ಪ್ರತಿನಿಧಿಸಭೆಯು ತೆಗೆದುಹಾಕಿತು. ಫ್ರಾನ್ಸಿನ ಸಭೆಯು ನಿಗದಿಯಾದ ತೆರಿಗೆ ಸಲ್ಲಿಸುವ ಪುರುಷರಿಗೆ ಮಾತ್ರ ಮತದ ಹಕ್ಕನ್ನು ಕೊಟ್ಟಿತು. ಅರಸನು ಹಕ್ಕುಗಳ ಘೋಷಣೆಗೆ ಒಪ್ಪಿಗೆ ಕೊಡದೆ ಕಾಲ ತಳ್ಳುತ್ತಿದ್ದಾಗ, ೧೭೮೯ರ ಅಕ್ಟೋಬರ್ ೫ರಂದು ರೊಟ್ಟಿಯನ್ನು ಕೇಳುತ್ತ ಮಳೆಯಲ್ಲಿಯೇ ಪ್ಯಾರಿಸಿನಿಂದ ವರ್ಸೇಲ್ಸಿಗೆ ನಡೆದುಹೋದವರು ಸಾವಿರಾರು ಹೆಂಗಸರು. ಆ ಸಂಜೆ ಅರಸನು ಒಪ್ಪಿಗೆ ಕೊಟ್ಟನು. ಯಾರ ನಡಿಗೆಯಿಂದ ಘೋಷಣೆಗೆ ಅರಸನ ಒಪ್ಪಿಗೆ ದೊರೆಯಿತೋ ಅವರಿಗೇ ಅದರಲ್ಲಿ ಪಾಲು ದೊರೆಯಲಿಲ್ಲ. ಒಲಿಂಪ್ ದ ಗೂಜ್ ಎಂಬ ಲೇಖಕಿಯು ೧೭೯೧ರಲ್ಲಿ ಅದೇ ಘೋಷಣೆಯ ವಿಧಿಗಳನ್ನು ಅನುಸರಿಸಿ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ರಚಿಸಿದಳು. ೧೭೯೩ರ ನವೆಂಬರ್ ೩ರಂದು ಅವಳ ತಲೆಯನ್ನು ಗಿಲೊಟಿನ್ ಯಂತ್ರಕ್ಕೆ ಒಡ್ಡಲಾಯಿತು.

ಇನ್ನೊಂದು ಉತ್ತರ ಕೆರಿಬಿಯನ್ ಸಮುದ್ರದಿಂದ ಬಂದಿತು. ಅಲ್ಲಿ ಫ್ರಾನ್ಸಿನ ವಶದಲ್ಲಿದ್ದ ಸಾಂ ಡೊಮಿಂಗ್ ಎಂಬ ವಸಾಹತಿನಲ್ಲಿ ಆಫ್ರಿಕದಿಂದ ತಂದ ಸುಮಾರು ೫ ಲಕ್ಷ ಗುಲಾಮರು ಕಬ್ಬು ಮತ್ತು ಕಾಫಿಯ ತೋಟಗಳಲ್ಲಿ ದುಡಿಯುತ್ತಿದ್ದರು. ೧೭೯೧ರ ಆಗಸ್ಟಿನಲ್ಲಿ ಅವರು ಬಂಡೆದ್ದರು. ಗುಲಾಮನಾಗಿ ಹುಟ್ಟಿ, ಬಿಡುಗಡೆ ಹೊಂದಿದ್ದ ತೂಸಾಂ ಲುವರ್ತ್ಯೂರ್ ಅವರ ನಾಯಕನಾದನು. ಬಂಡಾಯಕ್ಕೆ ಮಣಿದು ೧೭೯೪ರ ಫೆಬ್ರವರಿ ೪ರಂದು ಫ್ರಾನ್ಸಿನ ಸಭೆಯು ಗುಲಾಮಗಿರಿಯನ್ನು ರದ್ದುಮಾಡಿತು. ೧೮೦೨ರಲ್ಲಿ ನೆಪೋಲಿಯನ್ನನು ಅದನ್ನು ಮತ್ತೆ ಸ್ಥಾಪಿಸಲು ಹೊರಟು ದೊಡ್ಡ ಸೈನ್ಯವನ್ನು ಆ ವಸಾಹತಿಗೆ ಕಳುಹಿಸಿದನು. ತೂಸಾಂ ಸೆರೆಸಿಕ್ಕಿ ಫ್ರಾನ್ಸಿನ ಪರ್ವತದುರ್ಗವೊಂದರಲ್ಲಿ ೧೮೦೩ರ ಏಪ್ರಿಲಿನಲ್ಲಿ ಅಸುನೀಗಿದನು. ಆದರೂ ಅವನ ಜನ ಸೋಲಲಿಲ್ಲ. ೧೮೦೪ರ ಜನವರಿ ೧ರಂದು ಹೈಟಿ ಎಂಬ ಹೆಸರಿನಿಂದ ಆ ನಾಡು ಸ್ವತಂತ್ರವಾಯಿತು. ಹಕ್ಕುಗಳ ಘೋಷಣೆಯನ್ನು ಬರೆದವರು ಅದರ ಅರ್ಥವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಓದು ಬರಹ ಅರಿಯದ ತೋಟದಾಳುಗಳು ಅದನ್ನು ಪೂರ್ಣಗೊಳಿಸಿದರು. ಅದಕ್ಕಾಗಿ ಅವರು ತೆತ್ತ ಬೆಲೆಯೂ ದೊಡ್ಡದು. ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಒಡೆಯರಿಗೆ ಪರಿಹಾರವೆಂದು ೧೮೨೫ರಲ್ಲಿ ಫ್ರಾನ್ಸು ಹೈಟಿಯ ಮೇಲೆ ೧೫ ಕೋಟಿ ಫ್ರಾಂಕುಗಳ ಹೊರೆಯನ್ನು ಹೇರಿತು.

ಹಕ್ಕಿನ ಹೆಸರಿನಲ್ಲಿ ಹಕ್ಕನ್ನೇ ತುಳಿದ ದಿನಗಳೂ ಬಂದವು. ಹೊರಗೆ ಯುದ್ಧ, ಒಳಗೆ ಒಳಸಂಚಿನ ಭೀತಿ ಇವುಗಳ ನಡುವೆ ಫ್ರಾನ್ಸಿನ ಹೊಸ ಗಣರಾಜ್ಯವು ೧೭೯೩ ಮತ್ತು ೧೭೯೪ರಲ್ಲಿ ಸುಮಾರು ೧೭,೦೦೦ ಜನರಿಗೆ ಮರಣದಂಡನೆ ವಿಧಿಸಿತು. ದಿದೆರೋವಿನ ಕಾಗದಗಳನ್ನು ಕಾಪಾಡಿದ ಮಾಲ್‌ಜೆರ್ಬ್ ಅವರಲ್ಲೊಬ್ಬನು. ಸೆರೆಸಿಕ್ಕ ಅರಸನ ಪರವಾಗಿ ವಾದಿಸಲು ವೃದ್ಧಾಪ್ಯದಲ್ಲಿಯೂ ಮುಂದೆ ಬಂದುದು ಅವನ ಮೇಲಿನ ಆಗ್ರಹಕ್ಕೆ ಮುಖ್ಯ ಕಾರಣವಾಯಿತು. ಅರಸನನ್ನು ಕೊಲ್ಲಬಾರದೆಂದು ಸಭೆಯಲ್ಲಿ ವಾದಿಸಿದ್ದ ಥಾಮಸ್ ಪೇಯ್ನ್ ಪ್ಯಾರಿಸಿನಲ್ಲಿ ಸೆರೆಯಾಳಾದನು. ಸ್ತ್ರೀಯರಿಗೂ ನಾಗರಿಕ ಹಕ್ಕು ಸಲ್ಲಬೇಕೆಂದು ೧೭೯೦ರಲ್ಲಿಯೇ ಬರೆದಿದ್ದ ಕೋಂದೊರ್ಸೆ ತಲೆ ಮರೆಸಿಕೊಂಡು, ಮನುಷ್ಯನ ಬುದ್ಧಿಯು ಸಾಧಿಸಿದ ಪ್ರಗತಿಯನ್ನು ಕುರಿತು ಪುಸ್ತಕ ಬರೆದು, ಸೆರೆಸಿಕ್ಕ ಮೇಲೆ ಸೆರೆಮನೆಯಲ್ಲಿಯೇ ಸತ್ತನು. ಅಧಿಕಾರಸ್ಥಾನದಿಂದ ಬಂದ ತೀರ್ಪೂ ತಪ್ಪಾಗಿರಬಹುದೆಂಬ ಕಲಾಸ್ ಪ್ರಕರಣದ ಪಾಠವನ್ನು ಕ್ರಾಂತಿಕಾರರೇ ಮರೆತುದರ ಫಲ ಇದು. ಪ್ರಶ್ನಿಸುವ ಹಕ್ಕಿನಿಂದ ಹುಟ್ಟಿದ ರಾಜ್ಯವು ಪ್ರಶ್ನಿಸುವವರನ್ನು ಸಹಿಸದೆ ಹೋದಾಗ ಜನರ ಹೆಸರಿನಲ್ಲಿ ಸರ್ವಾಧಿಕಾರ ತಲೆಯೆತ್ತಿತು.

ಆದರೂ ಒಮ್ಮೆ ಉಚ್ಚರಿಸಿದ ಮಾತು ಅಳಿಯಲಿಲ್ಲ. ಫ್ರಾನ್ಸು ೧೮೪೮ರಲ್ಲಿ ಗುಲಾಮಗಿರಿಯನ್ನು ಕೊನೆಯದಾಗಿ ರದ್ದುಗೊಳಿಸಿತು. ೧೯೪೪ರಲ್ಲಿ, ಎಂದರೆ ಹಕ್ಕುಗಳ ಘೋಷಣೆಯಾದ ೧೫೫ ವರ್ಷಗಳ ಮೇಲೆ, ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಟ್ಟಿತು. ೧೯೪೮ರಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಸಿದ್ಧಪಡಿಸುತ್ತಿದ್ದಾಗ ಆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಇಂಗ್ಲಿಷಿನಲ್ಲಿ ‘ಮನುಷ್ಯ’ ಎಂದೂ ‘ಪುರುಷ’ ಎಂದೂ ಎರಡು ಅರ್ಥ ಕೊಡುವ ಒಂದೇ ಶಬ್ದವಿದೆ. ಮೊದಲ ವಿಧಿಯ ಕರಡಿನಲ್ಲಿ ಆ ಶಬ್ದವೇ ಇತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅವರು ಇದನ್ನು ಆಕ್ಷೇಪಿಸಿದರು. ಸ್ತ್ರೀಪುರುಷರಿಬ್ಬರನ್ನೂ ಸಂಶಯಕ್ಕೆ ಎಡೆಯಿಲ್ಲದಂತೆ ಒಳಗೊಳ್ಳುವ ಪದಗಳು ಅದರ ಸ್ಥಾನದಲ್ಲಿ ಬಂದವು. ಒಲಿಂಪ್ ದ ಗೂಜ್ ಪ್ರಾಣ ಕೊಟ್ಟರೂ ಪಡೆಯಲಾಗದ ತಿದ್ದುಪಡಿಯನ್ನು ಭಾರತೀಯ ಮಹಿಳೆಯೊಬ್ಬರು ಲೋಕದ ಸಭೆಯಲ್ಲಿ ಮಾಡಿಸಿದರು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಭಾರತದ ಸಂವಿಧಾನದ ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಪದಗಳಿಗೂ ಸ್ಥಾನ ದೊರೆತಿದೆ. ಆಸ್ತಿ, ಜಾತಿ, ಲಿಂಗಗಳ ಭೇದವಿಲ್ಲದೆ ಪ್ರೌಢರೆಲ್ಲರಿಗೂ ಅದು ಮತದಾನದ ಹಕ್ಕನ್ನು ಮೊದಲ ದಿನವೇ ಕೊಟ್ಟಿತು. ಅದರ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರ್ ಅವರು, ಈ ಮೂರು ತತ್ತ್ವಗಳನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ಪಡೆದುದಲ್ಲ, ಬುದ್ಧನ ಬೋಧನೆಯಿಂದ ಪಡೆದುದೆಂದು ೧೯೫೪ರಲ್ಲಿ ಸ್ಪಷ್ಟಪಡಿಸಿದರು. ಬೆಳಕಿಗೆ ಒಂದೇ ದಿಕ್ಕು ಎಂದು ತಿಳಿಯಬಾರದೆಂಬುದನ್ನು ಈ ಮಾತು ನೆನಪಿಗೆ ತರುತ್ತದೆ. ಮನುಷ್ಯನ ಘನತೆಯನ್ನು ಕಂಡವರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ನಾಡಿನಲ್ಲಿ ಬಾಳಿದ್ದಾರೆ. ಹದಿನೆಂಟನೆಯ ಶತಮಾನದ ವಿಚಾರವಂತರ ಹಿರಿಮೆಯೆಂದರೆ, ಆ ಘನತೆಯನ್ನು ಕಾನೂನಿನ ಪುಟದಲ್ಲಿ ಬರೆಯಿಸಬೇಕೆಂಬ ಹಟವನ್ನು ಶ್ರೀಸಾಮಾನ್ಯನಲ್ಲಿ ಹುಟ್ಟಿಸಿದುದು. ಬರೆದ ಕಾನೂನು ತಾನಾಗಿಯೇ ಯಾರನ್ನೂ ಕಾಯುವುದಿಲ್ಲ. ಅದನ್ನು ಓದಿ ಅರಿತು, ತನಗೆ ಸಲ್ಲುವುದನ್ನು ತಲೆಯೆತ್ತಿ ಕೇಳುವ, ನೆರೆಯವನಿಗೆ ಸಲ್ಲಬೇಕಾದುದನ್ನು ಮರೆಯದ ನಾಗರಿಕರೇ ಅದಕ್ಕೆ ಕಾವಲು.

ಪದಗಳ ಅರ್ಥ

ಬಿನ್ನಹ – ವಿಜ್ಞಾಪನೆ, ಅರಿಕೆ
ಕುಲೀನರು – ಉಚ್ಚ ಮನೆತನದಲ್ಲಿ ಹುಟ್ಟಿದವರು
ಜಪ್ತಿ, ಮುಟ್ಟುಗೋಲು – ಸರ್ಕಾರವು ಸ್ವತ್ತನ್ನು ವಶಪಡಿಸಿಕೊಳ್ಳುವುದು
ಸಹಿಷ್ಣುತೆ – ಸೈರಣೆ, ತಾಳ್ಮೆ
ಸಾರ್ವಭೌಮತ್ವ – ಪರಮಾಧಿಕಾರ
ವಸಾಹತು – ಪರದೇಶದ ಆಳ್ವಿಕೆಗೆ ಒಳಪಟ್ಟ ನೆಲೆ
ಅಹವಾಲು – ದೂರು, ಮನವಿ
ಅಸುನೀಗು – ಪ್ರಾಣ ಬಿಡು
ಭ್ರಾತೃತ್ವ – ಸೋದರಭಾವ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಸರ್ಕಾರದ ಅಧಿಕಾರಕ್ಕೆ ಮೂಲ ಯಾವುದೆಂದು ಜಾನ್ ಲಾಕ್ ಹೇಳಿದನು?
೨. ದಿದೆರೋವಿನ ಹಸ್ತಪ್ರತಿಗಳನ್ನು ಕಾಪಾಡಿದವನು ಯಾರು?
೩. ಹೈಟಿ ಸ್ವತಂತ್ರವಾದುದು ಯಾವಾಗ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಬಿನ್ನಹಕ್ಕೂ ಹಕ್ಕಿಗೂ ಇರುವ ವ್ಯತ್ಯಾಸವೇನು?
೨. ಕಲಾಸ್ ಪ್ರಕರಣದಿಂದ ಜನರು ಕಲಿತ ಪಾಠಗಳಾವುವು?
೩. ಹಸಿವು ಮತ್ತು ವಿಚಾರ ಎರಡೂ ಕ್ರಾಂತಿಗೆ ಹೇಗೆ ಕಾರಣವಾದವು?

ಇ. ವಿವರವಾಗಿ ಉತ್ತರಿಸಿರಿ.
‘ಮನುಷ್ಯ’ ಎಂಬ ಶಬ್ದದ ಅರ್ಥ ೧೭೭೬ರಿಂದ ೧೯೪೮ರ ವರೆಗೆ ಹೇಗೆ ವಿಸ್ತಾರವಾಯಿತು ಎಂಬುದನ್ನು ಪಾಠದ ಆಧಾರದಿಂದ ನಿರೂಪಿಸಿರಿ.

ಈ. ಸಂದರ್ಭವನ್ನು ತಿಳಿಸಿ ವಿವರಿಸಿರಿ.
೧. “ಬೇಲಿಯೇ ಎದ್ದು ಹೊಲ ಮೇಯ್ದರೆ.”
೨. “ಓದು ಬರಹ ಅರಿಯದ ತೋಟದಾಳುಗಳು ಅದನ್ನು ಪೂರ್ಣಗೊಳಿಸಿದರು.”

ಉ. ಭಾಷಾಭ್ಯಾಸ
೧. ಸಂಧಿಯನ್ನು ಬಿಡಿಸಿ ಹೆಸರಿಸಿರಿ: ಜ್ಞಾನೋದಯ, ತಲೆಯೆತ್ತಿ, ಸರ್ವಾಧಿಕಾರ.
೨. ವಿಗ್ರಹವಾಕ್ಯ ಮಾಡಿ ಸಮಾಸವನ್ನು ಹೆಸರಿಸಿರಿ: ಕೈಮುಗಿದು, ಕಿರುಹೊತ್ತಿಗೆ, ಸ್ವಾತಂತ್ರ್ಯಘೋಷಣೆ.